ಮುಯ್ಯಿ ದುಡ್ಡಿನ ಮೇಲೆ ಮೊಕದ್ದಮೆ

2025ರ ಫೆಬ್ರವರಿ 24, ಸೋಮವಾರ ಬೆಳಿಗ್ಗೆ ನಮ್ಮ ಬ್ಯಾಂಕ್ ಖಾತೆಗೆ 31,260 ಡಾಲರ್ ಜಮೆಯಾಯಿತು. ಆ ಹಣ ನಮ್ಮ ಕೈಬಿಟ್ಟು ಅಂದಿಗೆ 352 ದಿನ. ಮಾದಕ ವಸ್ತುಗಳ ಮಾರಾಟದಿಂದ ಬಂದದ್ದಿರಬೇಕು ಎಂಬ ಅನುಮಾನದ ಮೇಲೆ ಅಮೆರಿಕದ ಹೆದ್ದಾರಿಯೊಂದರಲ್ಲಿ ಪೊಲೀಸರು ಅದನ್ನು ಜಪ್ತಿ ಮಾಡಿದ್ದರು. ನನ್ನ ಮೇಲೆ ಅಂದು ಯಾವ ಆರೋಪವೂ ಇರಲಿಲ್ಲ, ಇಂದಿಗೂ ಇಲ್ಲ. ಇದನ್ನು ಇಲ್ಲಿ ಸಿವಿಲ್ ಮುಟ್ಟುಗೋಲು ಎನ್ನುತ್ತಾರೆ. ಅಂಗಡಿ, ಅಡುಗೆ ಕಂಟ್ರಾಕ್ಟು, ಹಳೆಯ ವಾಹನಗಳ ವ್ಯಾಪಾರ ಎಂದು ನಗದು ಓಡಾಡಿಸುವ ಕನ್ನಡಿಗರು ಇಲ್ಲಿ ಬಹಳ ಮಂದಿ ಇದ್ದಾರೆ. ನನಗೆ ಮುಟ್ಟುಗೋಲಿನ ನೋಟಿಸ್ ಸಿಕ್ಕ ರಾತ್ರಿ ಕನ್ನಡದಲ್ಲಿ ಏನಾದರೂ ಸಿಗುತ್ತದೆಯೇ ಎಂದು ಹುಡುಕಿದೆ, ಒಂದು ಸಾಲೂ ಸಿಗಲಿಲ್ಲ. ಅದಕ್ಕಾಗಿ ನಡೆದದ್ದನ್ನೆಲ್ಲ ನೆನಪು ಮಾಸುವ ಮೊದಲೇ ಬರೆದಿಡುತ್ತಿದ್ದೇನೆ.

ನಾವಿರುವುದು ನಾರ್ತ್ ಕ್ಯಾರೊಲೈನಾದಲ್ಲಿ. ನಾನು ದಾವಣಗೆರೆಯವನು, ಹೆಂಡತಿ ತಿಪಟೂರಿನವಳು. ಏಳು ವರ್ಷದಿಂದ ಯುಗಾದಿ, ಸತ್ಯನಾರಾಯಣ ಪೂಜೆ, ಸೀಮಂತ, ಗೃಹಪ್ರವೇಶಗಳಿಗೆ ಊಟ ಮಾಡಿಕೊಡುತ್ತೇವೆ. ಸಾಮಾನು ಸಾಗಿಸಲು ಬಾಡಿಗೆ ವ್ಯಾನ್ ಹಿಡಿದು ಸಾಕಾಗಿತ್ತು. ಟೆಕ್ಸಸ್‌ನಲ್ಲಿ ಒಬ್ಬರು ಹಳೆಯ ಫುಡ್ ಟ್ರಕ್ ಮಾರಾಟಕ್ಕೆ ಇಟ್ಟಿದ್ದರು, ನಗದು ಕೊಟ್ಟರೆ ಮೂರು ಸಾವಿರ ಬಿಡುತ್ತೇನೆ ಎಂದರು. ಬ್ಯಾಂಕಿನಿಂದ ತೆಗೆದದ್ದು 18,000. ಊಟದ ವ್ಯಾಪಾರದ ನಗದು 9,140. ಹಿಂದಿನ ನವೆಂಬರ್‌ನಲ್ಲಿ ನಮ್ಮದೇ ಗೃಹಪ್ರವೇಶವಾದಾಗ ಬಂದ ಮುಯ್ಯಿ 4,120. ಮೂರನ್ನೂ ಕಟ್ಟು ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ, ಸಾರಿನ ಪುಡಿ ಇಡುತ್ತಿದ್ದ ಸ್ಟೀಲ್ ಡಬ್ಬಿಯಲ್ಲಿ ತುಂಬಿದಳು ನನ್ನ ಹೆಂಡತಿ. ಅವಳ ಲೆಕ್ಕದ ಪುಸ್ತಕದಲ್ಲಿ ಮೊತ್ತ ಬರೆದು, ಅಡಿಗೆರೆ ಎಳೆದು, ದಿನಾಂಕ ಹಾಕಿದಳು: 8-3-2024. ಮುಂದೆ ನಮ್ಮನ್ನು ಕಾಪಾಡಿದ್ದರಲ್ಲಿ ಆ ಅಡಿಗೆರೆಗೆ ದೊಡ್ಡ ಪಾಲಿದೆ.

ಮರುದಿನ ಮಧ್ಯಾಹ್ನ ದಾರಿಯಲ್ಲಿನ ಒಂದು ರಾಜ್ಯದಲ್ಲಿ ಪೊಲೀಸ್ ಕಾರು ಹಿಂದೆ ದೀಪ ಹೊತ್ತಿಸಿತು. ಮುಂದಿನ ಲಾರಿಗೆ ತೀರಾ ಹತ್ತಿರ ಹೋಗುತ್ತಿದ್ದೆ ಎಂದು ಅಧಿಕಾರಿ ಹೇಳಿದ. ಎಚ್ಚರಿಕೆಯ ಚೀಟಿ ಬರೆದು ಲೈಸೆನ್ಸ್ ಜೊತೆಗೆ ಕೈಗೆ ಕೊಟ್ಟ. ಮುಗಿಯಿತು ಎಂದುಕೊಂಡೆ. ಆಗ ಆತ ಬಾಗಿ, ಗಾಡಿಯಲ್ಲಿ ಆಯುಧ, ಮಾದಕ ವಸ್ತು, ದೊಡ್ಡ ಮೊತ್ತದ ನಗದು ಏನಾದರೂ ಇದೆಯೇ ಎಂದು ಕೇಳಿದ. ಸುಳ್ಳು ಹೇಳುವ ಕಾರಣವಿರಲಿಲ್ಲ. ಟ್ರಕ್ ಕೊಳ್ಳಲು ಹಣವಿದೆ ಎಂದೆ. ಹುಡುಕಬಹುದೇ ಎಂದ. ಯಾತಕ್ಕೆ ಎಂದು ಕೇಳಿದೆ. ಹಾಗಾದರೆ ಇಲ್ಲೇ ಇರು ಎಂದು ನಾಯಿ ತರಿಸಿದ. ನಾಯಿ ಬರಲು ಎಷ್ಟು ಹೊತ್ತಾಯಿತೆಂದು ನಾನು ಗಡಿಯಾರ ನೋಡಲಿಲ್ಲ. ರಸ್ತೆಯಂಚಿನ ಹುಲ್ಲಿನ ಮೇಲೆ ನಿಂತು, ಸರ್ರನೆ ಹಾಯುವ ಗಾಡಿಗಳಲ್ಲಿ ಯಾರಾದರೂ ಗುರುತಿನವರು ನೋಡಿಬಿಟ್ಟರೆ ಎಂದು ಯೋಚಿಸುತ್ತಿದ್ದೆ. ಊರಿಂದ ಅಷ್ಟು ದೂರದಲ್ಲಿ ಯಾವ ಗುರುತಿನವರು? ಆದರೂ ಅದೇ ಯೋಚನೆ.

ನಾಯಿ ಹಿಂಬಾಗಿಲ ಬಳಿ ಕುಳಿತಿತು. ಡಬ್ಬಿ ಹೊರಬಂತು. ಅಮೆರಿಕದಲ್ಲಿ ಚಲಾವಣೆಯಲ್ಲಿರುವ ನೋಟುಗಳಲ್ಲಿ ಬಹುಪಾಲಿಗೆ ಕೊಕೇನ್‌ನ ಸೂಕ್ಷ್ಮ ಕಣಗಳು ಅಂಟಿರುತ್ತವೆ ಎಂಬುದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿಯಂತೆ. ನನಗದು ಗೊತ್ತಾದದ್ದು ಆರು ತಿಂಗಳ ಮೇಲೆ. ಅಂದು ನಾಯಿ ಕುಳಿತದ್ದನ್ನು ಕಂಡು ನನಗೇ ನನ್ನ ಹಣದ ಮೇಲೆ ಅನುಮಾನ ಬಂದಂತಾಯಿತು.

ಅಲ್ಲಿ ಎರಡು ಕಾಗದ ಮುಂದಿಟ್ಟರು. ಒಂದು ರಸೀದಿ. ಅದರಲ್ಲಿ ಮೊತ್ತವೇ ಇಲ್ಲ, ‘ಎಣಿಸದ ನಗದು’ ಎಂದಷ್ಟೇ ಇದೆ. ಹಣವನ್ನು ಮೊಹರು ಮಾಡಿದ ಚೀಲದಲ್ಲಿ ಹಾಕಿ ಆಮೇಲೆ ಎಣಿಸುತ್ತೇವೆ ಎಂದರು. ಇನ್ನೊಂದು, ಈ ಹಣ ನನ್ನದಲ್ಲ, ಇದರ ಮೇಲೆ ಹಕ್ಕು ಕೇಳುವುದಿಲ್ಲ ಎಂದು ಬರೆದುಕೊಡುವ ಕಾಗದ. ಸಹಿ ಹಾಕಿದರೆ ಈಗಲೇ ಹೊರಡಬಹುದು ಎಂಬ ಧಾಟಿಯಲ್ಲಿ ಮಾತು ಬಂತು. ಹೆಂಡತಿಯನ್ನು ಕೇಳದೆ ಸಹಿ ಹಾಕುವುದಿಲ್ಲ ಎಂದೆ, ಅವಳ ದುಡಿಮೆಯೂ ಅದರಲ್ಲಿತ್ತು. ಸಹಿ ಹಾಕದೆಯೇ ಅರ್ಧ ಗಂಟೆಯಲ್ಲಿ ಬಿಟ್ಟರು. ಇಂಥ ಕಾಗದ ಯಾರಾದರೂ ಮುಂದೆ ಹಿಡಿದರೆ ದಯವಿಟ್ಟು ಸಹಿ ಹಾಕಬೇಡಿ. ರಸೀದಿಯನ್ನು ಮಾತ್ರ ಕೇಳಿ ಪಡೆಯಿರಿ, ಅಧಿಕಾರಿಯ ಹೆಸರು, ಸಂಖ್ಯೆ, ಮೈಲಿಗಲ್ಲು ಬರೆದುಕೊಳ್ಳಿ. ದೇಶದೊಳಗೆ ಎಷ್ಟು ನಗದು ಬೇಕಾದರೂ ಜೊತೆಯಲ್ಲಿ ಒಯ್ಯಬಹುದು. ಹತ್ತು ಸಾವಿರ ದಾಟಿದರೆ ತಿಳಿಸಬೇಕೆಂಬ ನಿಯಮ ಇರುವುದು ದೇಶದ ಗಡಿ ದಾಟುವವರಿಗೆ.

ಟ್ರಕ್ ಕೈತಪ್ಪಿತು. ಮಾರುವವರು ಎರಡು ದಿನ ಕಾದು ಬೇರೆಯವರಿಗೆ ಕೊಟ್ಟರು. ಮನೆಗೆ ಬಂದ ಮೇಲೆ ನಾವಿಬ್ಬರೂ ಯಾರಿಗೂ ಹೇಳದಿರಲು ಮಾತಾಡಿಕೊಂಡೆವು. ‘ಡ್ರಗ್ಸ್’ ಎಂಬ ಒಂದು ಪದ ಕನ್ನಡ ಕೂಟದಲ್ಲಿ ಕಿವಿಯಿಂದ ಕಿವಿಗೆ ಹೋದರೆ ಮತ್ತೆ ಯಾರು ತಮ್ಮ ಮನೆಯ ಪೂಜೆಗೆ ನಮ್ಮ ಕೈಯ ಅಡುಗೆ ತರಿಸುತ್ತಾರೆ? ಆ ವರ್ಷದ ಯುಗಾದಿಗೆ ಇನ್ನೂರು ಎಲೆಗೆ ಹೋಳಿಗೆ ಮಾಡಿದೆವು. ಬಡಿಸುವಾಗ ಯಾರು ನಕ್ಕರೂ ನನಗೆ ಎದೆ ಝಲ್ಲೆನ್ನುತ್ತಿತ್ತು.

ಮಾರ್ಚ್ ಕಳೆಯಿತು, ಏಪ್ರಿಲ್ ಕಳೆಯಿತು, ಕಾಗದವಿಲ್ಲ. ಸ್ಥಳೀಯ ಪೊಲೀಸರಿಗೆ ಫೋನು ಮಾಡಿದರೆ, ಹಣವನ್ನು ಕೇಂದ್ರ ಸರ್ಕಾರದ ಸಂಸ್ಥೆಗೆ ಒಪ್ಪಿಸಿದ್ದೇವೆ, ಅವರು ಬರೆಯುತ್ತಾರೆ ಎಂದರು. ಅವರು ಬರೆದೇ ಇದ್ದರು. ಆದರೆ ನನ್ನ ಲೈಸೆನ್ಸಿನಲ್ಲಿ ಇದ್ದದ್ದು ಹಳೆಯ ಅಪಾರ್ಟ್‌ಮೆಂಟಿನ ವಿಳಾಸ. ಹೊಸ ಮನೆಗೆ ಬಂದು ನಾಲ್ಕು ತಿಂಗಳಾಗಿದ್ದರೂ ಬದಲಾಯಿಸಿರಲಿಲ್ಲ. ಹಳೆಯ ಪಕ್ಕದ ಮನೆಯ ತೆಲುಗು ದಂಪತಿ ಮೇ 11ರಂದು ಊಟದ ಆರ್ಡರ್ ಕೊಡಲು ಬಂದವರು, ‘ನಿಮ್ಮದೊಂದು ರಿಜಿಸ್ಟರ್ಡ್ ಕಾಗದ ನಮ್ಮಲ್ಲೇ ಉಳಿದಿದೆ’ ಎಂದು ಕೈಗಿತ್ತರು. ಕಾಗದದ ತಾರೀಖು ಏಪ್ರಿಲ್ 18. ಉತ್ತರಕ್ಕೆ ಕಡೆಯ ದಿನ ಮೇ 23. ಉಳಿದದ್ದು ಹನ್ನೆರಡು ದಿನ.

ಅವಧಿಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಇದರಲ್ಲಿ ತಪ್ಪಿದರೆ ಮುಂದಿನದೇನೂ ಉಳಿಯುವುದಿಲ್ಲ. 2000ನೇ ಇಸವಿಯ ಸುಧಾರಣಾ ಕಾಯ್ದೆಯಂತೆ, ಕೇಂದ್ರದವರೇ ಜಪ್ತಿ ಮಾಡಿದ್ದರೆ 60 ದಿನದೊಳಗೆ, ಸ್ಥಳೀಯ ಪೊಲೀಸರು ಹಿಡಿದು ಕೇಂದ್ರಕ್ಕೆ ಕೊಟ್ಟಿದ್ದರೆ 90 ದಿನದೊಳಗೆ ನೋಟಿಸ್ ಕಳಿಸಬೇಕು. ನೋಟಿಸ್ ಅಂಚೆಗೆ ಬಿದ್ದ ದಿನದಿಂದ ನಮಗೆ ಕನಿಷ್ಠ 35 ದಿನ ಸಿಗುತ್ತದೆ. ಗಮನಿಸಿ, ನಮ್ಮ ಕೈಗೆ ತಲುಪಿದ ದಿನದಿಂದಲ್ಲ. ಸರ್ಕಾರದ ಮುಟ್ಟುಗೋಲು ಜಾಲತಾಣದಲ್ಲಿಯೂ ಪ್ರಕಟಣೆ ಹಾಕುತ್ತಾರೆ. ಕಾಗದ ಬರಲಿಲ್ಲವೆಂದು ಸುಮ್ಮನೆ ಕೂರದೆ ವಾರಕ್ಕೊಮ್ಮೆ ಅಲ್ಲಿ ನೋಡಿ. ನಾನು ಇದನ್ನು ಮಾಡಿದ್ದರೆ ಮೂರು ವಾರ ಮೊದಲೇ ಎಚ್ಚೆತ್ತುಕೊಳ್ಳುತ್ತಿದ್ದೆ.

ಆ ನೋಟಿಸಿನಲ್ಲಿ ಮೊದಲ ಬಾರಿಗೆ ಮೊತ್ತ ಕಂಡಿತು: 31,260. ಹೆಂಡತಿ ತನ್ನ ಪುಸ್ತಕ ತಂದು ಅಡಿಗೆರೆಯ ಮೇಲಿನ ಅಂಕಿಯ ಪಕ್ಕ ಹಿಡಿದಳು. ಒಂದು ಡಾಲರ್ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಷ್ಟು ದಿನಗಳಲ್ಲಿ ಅವಳು ಅತ್ತದ್ದು ಅಂದೇ.

ನೋಟಿಸಿನಲ್ಲಿ ಎರಡು ದಾರಿ ತೋರಿಸಿರುತ್ತಾರೆ. ಒಂದು ಕ್ಲೇಮ್, ಅಂದರೆ ಹಣ ನನ್ನದೆಂದು ಹಕ್ಕು ಹೇಳುವುದು, ಇನ್ನೊಂದು ಪಿಟಿಷನ್. ಓದಿದರೆ ಪಿಟಿಷನ್ ಸುಲಭವೆನ್ನಿಸುತ್ತದೆ: ನಮ್ಮ ಕಷ್ಟ ಹೇಳಿಕೊಂಡು ದಯೆ ತೋರಿ ಎಂದು ಕೇಳುವುದು. ನಾನು ಅದನ್ನೇ ತುಂಬಲು ಕುಳಿತಿದ್ದೆ. ಆದರೆ ಪಿಟಿಷನ್ ಮಾತ್ರ ಹಾಕಿದರೆ ತೀರ್ಮಾನಿಸುವುದು ಜಪ್ತಿಯ ಕಡೆಯ ಇಲಾಖೆಯೇ, ನ್ಯಾಯಾಧೀಶರು ಅದನ್ನು ನೋಡುವುದಿಲ್ಲ. ಕ್ಲೇಮ್ ಹಾಕಿದರೆ ಸರ್ಕಾರ 90 ದಿನದೊಳಗೆ ನ್ಯಾಯಾಲಯದಲ್ಲಿ ದಾವೆ ಹೂಡಬೇಕು, ಇಲ್ಲವೇ ಹಣ ಹಿಂದಿರುಗಿಸಬೇಕು. ಕ್ಲೇಮಿಗೆ ಶುಲ್ಕವಿಲ್ಲ, ಠೇವಣಿಯೂ ಇಲ್ಲ. ಹಿಂದೆ ಠೇವಣಿ ಇಡಬೇಕಿತ್ತು, ಆ 2000ದ ಕಾಯ್ದೆ ಅದನ್ನು ತೆಗೆದುಹಾಕಿತು. ನಮ್ಮ ಹಕ್ಕು ಏನು ಎಂಬುದನ್ನು ಪ್ರಮಾಣ ಮಾಡಿ ಬರೆಯಬೇಕು, ಸುಳ್ಳಿದ್ದರೆ ಅದೇ ಅಪರಾಧವಾಗುತ್ತದೆ.

ವಕೀಲರನ್ನು ಹುಡುಕುವುದು ಬೇರೆಯೇ ಪಾಡು. ಆಪಾದಿತರಿಗೆ ಸರ್ಕಾರವೇ ವಕೀಲರನ್ನು ಕೊಡುವ ಪದ್ಧತಿ ಇಲ್ಲಿ ಅನ್ವಯಿಸುವುದಿಲ್ಲ, ಏಕೆಂದರೆ ನಾನು ಆಪಾದಿತನಲ್ಲ. ವಾಸದ ಮನೆಯೇ ಮುಟ್ಟುಗೋಲಿಗೆ ಸಿಕ್ಕಿದ್ದರೆ ಕೊಡುತ್ತಾರಂತೆ, ನಗದಿಗೆ ಇಲ್ಲ. ಜಪ್ತಿಯಾದ ರಾಜ್ಯದ ಕೇಂದ್ರ ನ್ಯಾಯಾಲಯದಲ್ಲಿ ವಾದಿಸುವ ಅನುಮತಿ ಇರುವವರೇ ಬೇಕು. ಹನ್ನೊಂದು ಜನರಿಗೆ ಫೋನು ಮಾಡಿದೆ. ಕೆಲವರು ಕ್ರಿಮಿನಲ್ ಮಾತ್ರ ನೋಡುತ್ತೇವೆ ಎಂದರು. ಒಬ್ಬರು ಮೊತ್ತ ಕೇಳಿ, ಇಷ್ಟಕ್ಕೆ ಹೋರಾಡುವುದು ಲಾಭವಲ್ಲ ಎಂದು ನೇರವಾಗಿಯೇ ಹೇಳಿದರು. ಹನ್ನೆರಡನೆಯವರು ಒಬ್ಬ ಹೆಂಗಸು. ಅವರ ಮೊದಲ ಪ್ರಶ್ನೆ ಹಣದ ಬಗ್ಗೆ ಅಲ್ಲ. ‘ನಗದು ಆದಾಯಕ್ಕೆ ತೆರಿಗೆ ಕಟ್ಟಿದ್ದೀರಾ?’ ಎಂದರು. ಕಟ್ಟಿದ್ದೆವು. ‘ಹಾಗಾದರೆ ಮಾತಾಡೋಣ.’

ಅವರೇ ಇನ್ನೊಂದು ಸುದ್ದಿ ತಿಳಿಸಿದರು. ನನಗೆ ಕಾಗದ ಸಿಗುವ ಎರಡು ದಿನ ಮೊದಲು, ಮೇ 9ರಂದು, ಕಲ್ಲಿ ಎಂಬವರ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಜಪ್ತಿಯಾದ ವಸ್ತುವನ್ನು ಮೊಕದ್ದಮೆ ಮುಗಿಯುವವರೆಗೆ ಸರ್ಕಾರ ಇಟ್ಟುಕೊಳ್ಳಬಹುದೇ ಎಂದು ಮೊದಲೇ ಪರಿಶೀಲಿಸುವ ಪ್ರತ್ಯೇಕ ವಿಚಾರಣೆ ಬೇಕಿಲ್ಲ, ಅಂತಿಮ ವಿಚಾರಣೆ ಸಕಾಲದಲ್ಲಿ ನಡೆದರೆ ಸಾಕು ಎಂದು ಆರು ನ್ಯಾಯಮೂರ್ತಿಗಳು ಒಂದು ಕಡೆ, ಮೂವರು ಇನ್ನೊಂದು ಕಡೆ. ಅಂದರೆ ತಿಂಗಳುಗಟ್ಟಲೆ ಕಾಯಲು ಸಿದ್ಧರಾಗಿ ಎಂದರು.

ಮೇ 20ರಂದು ಕ್ಲೇಮ್ ಸಲ್ಲಿಸಿದೆವು. 90ನೇ ದಿನ ಆಗಸ್ಟ್ 18. ದಾವೆ ಹೂಡದೆ ಬಿಟ್ಟುಬಿಡಬಹುದು ಎಂಬ ಆಸೆಯಿಂದ ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಅಳಿಸುತ್ತಿದ್ದೆ. ಆಗಸ್ಟ್ 16ರ ಶುಕ್ರವಾರ ಸಂಜೆ ದಾವೆ ಹೂಡಿದರು. ಅದರ ತಲೆಬರಹ ಹೀಗಿತ್ತು: ಅಮೆರಿಕ ಸಂಯುಕ್ತ ಸಂಸ್ಥಾನ ವಿರುದ್ಧ 31,260 ಡಾಲರ್ ನಗದು. ಪ್ರತಿವಾದಿ ಹಣವೇ. ನಾನು ಆ ಹಣದ ಮೇಲೆ ಹಕ್ಕು ಹೇಳುವ ಹೊರಗಿನವನು. ಊರಿನಲ್ಲಿ ಅಮ್ಮನಿಗೆ ಫೋನಿನಲ್ಲಿ ವಿವರಿಸಿದರೆ, ‘ನೋಟಿನ ಮೇಲೆ ಕೇಸು ಹಾಕುತ್ತಾರೇನಪ್ಪ? ನೋಟು ಬಂದು ಏನೆಂದು ಸಾಕ್ಷಿ ಹೇಳುತ್ತದೆ?’ ಎಂದು ಕೇಳಿದಳು. ಹಣ ತಪ್ಪಿತಸ್ಥವೆಂದು ಸಂದೇಹಾತೀತವಾಗಿ ತೋರಿಸುವ ಹೊರೆಯೂ ಸರ್ಕಾರಕ್ಕಿಲ್ಲ. ಇರಬಹುದೆಂಬ ಕಡೆಗೆ ತಕ್ಕಡಿ ಸ್ವಲ್ಪ ವಾಲಿದರೆ ಸಾಕು.

ದಾವೆಯ ಜೊತೆಗಿನ ಅಫಿಡವಿಟ್ಟನ್ನು ನಾನು ಎಷ್ಟು ಸಲ ಓದಿದೆನೋ. ರಬ್ಬರ್ ಬ್ಯಾಂಡ್ ಹಾಕಿದ ಕಟ್ಟುಗಳು, ಮಾದಕ ವಸ್ತು ಸಾಗಿಸುವವರ ರೀತಿ. ಟೆಕ್ಸಸ್ ಕಡೆಗೆ ಪಯಣ, ಮಾದಕ ವಸ್ತು ಬರುವ ದಿಕ್ಕು. ಡಬ್ಬಿಯಿಂದ ತೀಕ್ಷ್ಣ ಮಸಾಲೆಯ ವಾಸನೆ, ನಾಯಿಯ ಮೂಗಿಗೆ ಸಿಗದಂತೆ ಮಾಡುವ ಉಪಾಯ. ತಿಪಟೂರಿನಿಂದ ಅತ್ತೆ ಕಳಿಸುವ ಸಾರಿನ ಪುಡಿಯ ಡಬ್ಬಿ ಅದು. ಓದುತ್ತಾ ನನಗೆ ಕೋಪಕ್ಕಿಂತ ಹೆಚ್ಚಾಗಿ ಅವಮಾನವಾಯಿತು, ಅತ್ತೆಯವರ ಪರವಾಗಿ.

ಇನ್ನೊಂದು ಸಂಗತಿ ತಿಳಿದಾಗ ನಿದ್ದೆ ಬರಲಿಲ್ಲ. ನಾನಿರುವ ನಾರ್ತ್ ಕ್ಯಾರೊಲೈನಾದ ಕಾನೂನಿನಲ್ಲಿ ಸಾಮಾನ್ಯವಾಗಿ ಅಪರಾಧ ಸಾಬೀತಾಗದೆ ಮುಟ್ಟುಗೋಲು ಹಾಕುವಂತಿಲ್ಲ. ಆದರೆ ಯಾವ ರಾಜ್ಯದ ಪೊಲೀಸರಾಗಲಿ, ಹಣವನ್ನು ಕೇಂದ್ರಕ್ಕೆ ‘ದತ್ತು’ ಕೊಟ್ಟರೆ ಕೇಂದ್ರದ ಕಾನೂನು ನಡೆಯುತ್ತದೆ, ಮುಟ್ಟುಗೋಲಾದ ಹಣದಲ್ಲಿ ಶೇ 80ರವರೆಗೆ ಆ ಪೊಲೀಸರಿಗೇ ಪಾಲಾಗಿ ಹಿಂದಿರುಗಬಹುದು. ಅಪರಾಧ ತಡೆಯಲು ದುಡಿಯುವವರ ಬಜೆಟ್ಟು ಹೀಗೆ ತುಂಬುವುದು ತಪ್ಪು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ನ್ಯಾಯಾಲಯದಲ್ಲಿ ಮತ್ತೊಮ್ಮೆ ಕ್ಲೇಮ್ ಸಲ್ಲಿಸಬೇಕು, ಅದಾದ 21 ದಿನದೊಳಗೆ ದಾವೆಗೆ ಉತ್ತರ ಕೊಡಬೇಕು. ಮೊದಲೇ ಕ್ಲೇಮ್ ಹಾಕಿದ್ದೇವಲ್ಲ ಎಂದು ಇಲ್ಲಿ ಕೈಚೆಲ್ಲಿ ಕೂತವರ ಹಣ ಹೋಗಿದೆ ಎಂದು ವಕೀಲರು ಎರಡು ಸಲ ಎಚ್ಚರಿಸಿದರು. ಸೆಪ್ಟೆಂಬರ್ ಕೊನೆಯಲ್ಲಿ ಸರ್ಕಾರಿ ವಕೀಲರಿಂದ ಲಿಖಿತ ಪ್ರಶ್ನೆಗಳು ಬಂದವು. ಅದಕ್ಕೂ 21 ದಿನ. ಪ್ರತಿ ಡಾಲರ್ ಎಲ್ಲಿಂದ, ಯಾರಿಂದ, ಯಾವ ದಿನ ಬಂತು?

ಬ್ಯಾಂಕಿನ 18,000 ಸುಲಭವೆಂದುಕೊಂಡಿದ್ದೆ. ವಕೀಲರ ಮುಖ ಬಾಡಿದ್ದು ಅಲ್ಲಿಯೇ. ನಾನು ಅದನ್ನು ಎರಡು ದಿನ ಒಂಬತ್ತೊಂಬತ್ತು ಸಾವಿರವಾಗಿ ತೆಗೆದಿದ್ದೆ. ಹತ್ತು ಸಾವಿರ ಮೀರಿದ ನಗದು ವ್ಯವಹಾರವನ್ನು ಬ್ಯಾಂಕು ಸರ್ಕಾರಕ್ಕೆ ವರದಿ ಮಾಡಬೇಕು. ಅದನ್ನು ತಪ್ಪಿಸಲೆಂದೇ ಮೊತ್ತ ಒಡೆದು ತೆಗೆಯುವುದು ಸ್ವತಃ ಒಂದು ಅಪರಾಧ, ಹಣ ಎಷ್ಟೇ ಶುದ್ಧವಾಗಿರಲಿ. ನಾನು ಒಡೆದದ್ದು ಶಾಖೆಯಲ್ಲಿ ಅಂದು ಅಷ್ಟು ನಗದು ಇಲ್ಲ, ಉಳಿದದ್ದಕ್ಕೆ ನಾಳೆ ಬನ್ನಿ ಎಂದದ್ದಕ್ಕೆ. ಅದನ್ನು ಶಾಖೆಯಿಂದ ಬರಹದಲ್ಲಿ ಪಡೆಯಲು ಐದು ವಾರ ಓಡಾಡಿದೆ, ಪ್ರಶ್ನೆಗಳ ಗಡುವಿಗೆ ಎರಡು ವಾರ ಹೆಚ್ಚು ಬೇಡಬೇಕಾಯಿತು. ನಗದು ಬೇಕಿದ್ದರೆ ಒಂದೇ ಸಲಕ್ಕೆ ತೆಗೆಯಿರಿ, ವರದಿ ಹೋಗಲಿ. ವರದಿಯಿಂದ ಏನೂ ಆಗುವುದಿಲ್ಲ.

ಊಟದ ಹಣಕ್ಕೆ ಇದ್ದ ಆಧಾರ ಹೆಂಡತಿಯ ಪುಸ್ತಕ. ಪೂರ್ತಿ ಕನ್ನಡದಲ್ಲಿ. ‘ಚಿರೋಟಿ 120, ಕೋಸಂಬರಿ ದೊಡ್ಡ ಪಾತ್ರೆ 2, ಮುಂಗಡ ಬಂತು, ಬಾಕಿ ಎಲೆ ಎತ್ತಿದ ಮೇಲೆ.’ ಮೂವತ್ತೆಂಟು ಪುಟವನ್ನು ಪ್ರಮಾಣೀಕರಿಸಿದ ಅನುವಾದ ಮಾಡಿಸಲು 640 ಡಾಲರ್ ಆಯಿತು. ಅನುವಾದಕರು ತಡೆದು ನಿಂತದ್ದು ‘ಮುಯ್ಯಿ’ ಎಂಬ ಪದದ ಬಳಿ. ಉಡುಗೊರೆ ಎಂದು ಬರೆದರೆ, ಹೆಸರಿನ ಮುಂದೆ ಮೊತ್ತ ಬರೆದಿಡುವುದೇಕೆ ಎಂದು ಕೇಳುತ್ತಾರೆ. ಸಾಲ ಎಂದು ಬರೆದರೆ ಅದು ಸುಳ್ಳು. ಕೊನೆಗೆ ಪದವನ್ನು ಹಾಗೆಯೇ ಇಟ್ಟು, ಅವರ ಮನೆಯ ಶುಭಕಾರ್ಯದಲ್ಲಿ ನಾವೂ ಅಷ್ಟಾದರೂ ಹಿಂದಿರುಗಿಸಲೆಂದು ಬರೆದಿಡುವ ಪದ್ಧತಿ ಇದೆಂದು ಅರ್ಧ ಪುಟದ ಟಿಪ್ಪಣಿ ಹಾಕಿದರು. ಓದಿದ ವಕೀಲರು, ಕಡತದಲ್ಲಿರುವ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ ಇದೇ ಎಂದರು.

ಆದರೆ ಹೆಸರು ಬರೆದವರೆಲ್ಲ ಅಫಿಡವಿಟ್ ಕೊಡಬೇಕಿತ್ತು. ಅಲ್ಲಿಗೆ ನಮ್ಮ ಗುಟ್ಟು ಮುಗಿಯಿತು. ಊಟ ಮಾಡಿಸಿದವರು, ಮುಯ್ಯಿ ಮಾಡಿದವರು ಸೇರಿ ನಲವತ್ತೊಂದು ಮನೆ. ದಸರೆಯ ದಿನಗಳಲ್ಲಿ, ಗೊಂಬೆ ಕೂರಿಸಿದ್ದ ಮನೆಗಳಿಗೆ, ಗಂಡ ಹೆಂಡತಿ ಇಬ್ಬರೂ ಹೋಗಿ ಕೂತು ಹೇಳಿದೆವು. ಮೊದಲ ಮನೆಯಲ್ಲಿ ನನಗೆ ಮಾತೇ ಹೊರಡಲಿಲ್ಲ, ಹೆಂಡತಿಯೇ ಹೇಳಿದಳು. ಆರು ಮನೆಯವರು ಸರ್ಕಾರದ ಕಾಗದಕ್ಕೆ ಸಹಿ ಬೇಡ ಎಂದರು. ವೀಸಾದ ಮೇಲಿರುವವರು, ಅವರ ಭಯ ನನಗೆ ಅರ್ಥವಾಗುತ್ತದೆ, ಬೇಸರವಿಲ್ಲ. ಮೂವತ್ತೈದು ಜನ ಬರೆದುಕೊಟ್ಟರು. ಎಂಬತ್ತು ದಾಟಿದ ಹಿರಿಯರೊಬ್ಬರು ಓದುವ ಕನ್ನಡಕ ಹಾಕಿಕೊಂಡು ಪ್ರತಿ ಸಾಲು ಓದಿ, ‘ನಾನು ಕೊಟ್ಟದ್ದು ನೂರಾ ಒಂದು, ನೂರು ಅಂತ ಬರೆದಿದ್ದೀರಲ್ಲಪ್ಪ’ ಎಂದರು. ಪುಸ್ತಕ ತೆಗೆದು ನೋಡಿದರೆ ನೂರಾ ಒಂದೇ ಇತ್ತು, ಟೈಪಿನಲ್ಲಿ ತಪ್ಪಿತ್ತು. ತಿದ್ದಿಸಿಯೇ ಸಹಿ ಹಾಕಿದರು.

ಇಷ್ಟರಲ್ಲಿ ಸರ್ಕಾರಿ ವಕೀಲರಿಂದ ರಾಜಿಯ ಮಾತು ಬಂತು: ಅರ್ಧ ನಿಮಗೆ, ಅರ್ಧ ನಮಗೆ. ಆ ರಾತ್ರಿ ನಾನು ಒಪ್ಪಿಬಿಡೋಣ ಎಂದೆ. ಹೆಂಡತಿ, ‘ಅರ್ಧ ಬಿಟ್ಟರೆ ಅರ್ಧ ಕಳ್ಳದುಡ್ಡು ಅಂತ ನಾವೇ ಒಪ್ಪಿದ ಹಾಗಾಗುತ್ತದೆ ರೀ. ಬರೆದುಕೊಟ್ಟವರ ಮುಖ ಹೇಗೆ ನೋಡೋದು?’ ಎಂದಳು. ಬೇಡವೆಂದು ತಿಳಿಸಿದೆವು.

ಮಾತು ತಿರುಗಿದ್ದು ವಿಡಿಯೊದಿಂದ. ಪೊಲೀಸ್ ಕಾರಿನ ಕ್ಯಾಮೆರಾದ ದೃಶ್ಯಕ್ಕೆ ವಕೀಲರು ಜೂನ್‌ನಲ್ಲೇ ಅರ್ಜಿ ಹಾಕಿದ್ದರು, ಬಂದದ್ದು ಅಕ್ಟೋಬರ್ ಕೊನೆಗೆ. ನನ್ನ ಕೈಗೆ ಚೀಟಿ ಕೊಟ್ಟ ಗಳಿಗೆಯಿಂದ ನಾಯಿ ಬರುವವರೆಗೆ 26 ನಿಮಿಷ. ಸಂಚಾರ ತಪಾಸಣೆಯ ಕೆಲಸ ಮುಗಿದ ಮೇಲೆ, ಗಟ್ಟಿ ಅನುಮಾನಕ್ಕೆ ಕಾರಣವಿಲ್ಲದೆ, ನಾಯಿಗಾಗಿ ಜನರನ್ನು ನಿಲ್ಲಿಸಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ರೊಡ್ರಿಗಸ್ ಪ್ರಕರಣದಲ್ಲಿ ಹೇಳಿದೆ. ಅಕ್ರಮವಾಗಿ ಸಿಕ್ಕ ಸಾಕ್ಷ್ಯವನ್ನು ಮುಟ್ಟುಗೋಲು ಮೊಕದ್ದಮೆಯಲ್ಲಿಯೂ ಬಳಸುವಂತಿಲ್ಲ ಎಂಬುದು 1965ರಷ್ಟು ಹಳೆಯ ತೀರ್ಪು. ಎರಡನ್ನೂ ಮುಂದಿಟ್ಟು ನವೆಂಬರ್‌ನಲ್ಲಿ ಅರ್ಜಿ ಹಾಕಿದರು. ಜನವರಿಯಲ್ಲಿ ಉತ್ತರ ಬಂತು: ಪೂರ್ತಿ ಹಣ ಕೊಡುತ್ತೇವೆ, ಬಡ್ಡಿಯಿಲ್ಲ, ವಕೀಲರ ಖರ್ಚು ಕೇಳಬಾರದು, ಮುಂದೆ ದಾವೆ ಹೂಡಬಾರದು. ನ್ಯಾಯಾಲಯದಲ್ಲಿ ಗೆದ್ದರೆ ವಕೀಲರ ಖರ್ಚನ್ನು ಸರ್ಕಾರವೇ ಕೊಡಬೇಕೆಂದು ಕಾನೂನಿದೆ, ರಾಜಿಯಾದರೆ ಅದು ಬಿಟ್ಟಂತೆ. ಇನ್ನೊಂದು ವರ್ಷ ಕಾಯುವ ಶಕ್ತಿ ನಮ್ಮಲ್ಲಿ ಉಳಿದಿರಲಿಲ್ಲ. ಜನವರಿ 17ರಂದು ಸಹಿ ಹಾಕಿದೆವು.

ವಕೀಲರಿಗೆ ಕೊಟ್ಟದ್ದು 8,500. ಅನುವಾದ 640. ನೋಟರಿ, ಅಂಚೆ, ವಿಡಿಯೊ ಪ್ರತಿ ಎಲ್ಲ ಸೇರಿ 310. ಪೌರತ್ವದ ಅರ್ಜಿಯಲ್ಲಿ, ಪೊಲೀಸರು ಎಂದಾದರೂ ಬಂಧಿಸಿದ್ದರೇ, ತಡೆದು ಇರಿಸಿಕೊಂಡಿದ್ದರೇ ಎಂಬ ಪ್ರಶ್ನೆ ಇರುವುದರಿಂದ ವಲಸೆ ವಕೀಲರ ಸಲಹೆಗೆ ಇನ್ನೊಂದು 250. ನಮ್ಮದೇ 31,260 ಪಡೆಯಲು ನಾವು ಖರ್ಚು ಮಾಡಿದ್ದು 9,700. ಹಣ ಬರುವುದು ಬ್ಯಾಂಕ್ ಖಾತೆಗೆ ನೇರವಾಗಿ, ಅದಕ್ಕೊಂದು ಫಾರಂ ತುಂಬಬೇಕು. ತೆರಿಗೆ ಮುಂತಾದ ಸರ್ಕಾರಿ ಬಾಕಿ ಇದ್ದರೆ ಅದರಲ್ಲೇ ಮುರಿದುಕೊಳ್ಳಬಹುದು, ಮೊದಲೇ ನೋಡಿಕೊಳ್ಳಿ. ಹೆಸರು ಖಾತೆಯಲ್ಲಿ ಇರುವಂತೆಯೇ ಬರೆಯಿರಿ. ನನ್ನ ತಂದೆಯ ಹೆಸರು ಒಂದು ಕಡೆ ನಡುವೆ, ಒಂದು ಕಡೆ ಕೊನೆಗೆ ಬಂದು ಫಾರಂ ಒಮ್ಮೆ ವಾಪಸಾಯಿತು.

ಸ್ಟೀಲ್ ಡಬ್ಬಿ ಇನ್ನೂ ಬಂದಿಲ್ಲ. ಕೇಳಿ ಎರಡು ಸಲ ಬರೆದಿದ್ದೇನೆ. ಮಾರ್ಚ್ ಮೊದಲ ವಾರ ಆ ನೂರಾ ಒಂದರ ಹಿರಿಯರ ಮೊಮ್ಮಗಳ ನಾಮಕರಣಕ್ಕೆ ನಮ್ಮದೇ ಅಡುಗೆ ಇತ್ತು. ಬಡಿಸಿ ಮುಗಿಸಿ, ಕೈತೊಳೆದುಕೊಂಡು, ಹೆಂಡತಿ ಲಕೋಟೆಯಲ್ಲಿ ನೂರಾ ಹನ್ನೊಂದು ಡಾಲರ್ ಇಟ್ಟು ಮಗುವಿನ ಕೈಗೆ ಮುಟ್ಟಿಸಿದಳು. ಮನೆಗೆ ಬಂದು ಪುಸ್ತಕ ತೆಗೆದು ಅವರ ಹೆಸರಿನ ಮುಂದೆ ಅದನ್ನು ಬರೆದುಕೊಂಡಳು.